ಎರಡನೇ ಕುರ್ಚಿ

ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಒರಗಿದ್ದ ಮೇಷ್ಟ್ರ ಹಣೆಯ ಮೇಲೆ ಹನಿಯೊಂದು ಬಿತ್ತು.

"ಏನಯ್ಯ, ನಿಮ್ಮ ಅಂಗಡಿ ಸೋರುತ್ತಾ?"

ಹೊರಗೆ ನೆತ್ತಿ ಸುಡುವ ಬಿಸಿಲು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರ ತಲೆ ಹಿಡಿದಿದ್ದ ಅಣ್ಣ ತಿರುಗಿ ನೋಡಿದ. ಮೇಷ್ಟ್ರ ಗಡ್ಡ ಹೆರೆಯುತ್ತಿದ್ದ ತಮ್ಮ, ಕ್ಷೌರದ ಕತ್ತಿ ಹಿಡಿದುಕೊಂಡೇ ಅಳುತ್ತಿದ್ದ. ಸದ್ದಿಲ್ಲ, ಮುಖದ ಒಂದು ಗೆರೆಯೂ ಅಲುಗಿಲ್ಲ; ಕೆಟ್ಟ ನಲ್ಲಿಯ ಹಾಗೆ ನೀರು ಇಳಿಯುತ್ತಲೇ ಇತ್ತು.

ಅಣ್ಣ ಕತ್ತಿ ಕಿತ್ತುಕೊಂಡು, ಅವನನ್ನು ಹಿಂಬಾಗಿಲಿಗೆ ಎಳೆದೊಯ್ದ.

"ಏನೋ ಬಂತು ನಿನಗೆ? ಫಿಟ್ಸ್ ನಿಂತು ಐದು ತಿಂಗಳಾಯ್ತು. ಇನ್ನೇನು ಕಮ್ಮಿ ಆಗಿದೆ?"

"ಆ ಹೊಸ ಮಾತ್ರೆ ಅಣ್ಣ. ಫಿಟ್ಸ್ ನಿಲ್ಲಿಸ್ತು, ಜೊತೆಗೆ ಉಳಿದಿದ್ದೆಲ್ಲಾನೂ ನಿಲ್ಲಿಸ್ತು. ಬೆಳಿಗ್ಗೆ ಎದ್ರೆ ಯಾಕಾದ್ರೂ ಎದ್ನೋ ಅನ್ಸುತ್ತೆ. ಕೆಲವರಿಗೆ ಹೀಗೆ ಮನಸ್ಸು ಕುಗ್ಗುತ್ತೆ, ಹಾಗಾದ್ರೆ ಬಂದು ಹೇಳು ಅಂತ ಡಾಕ್ಟರು ಮೊದಲೇ ಅಂದಿದ್ರು."

"ಮತ್ತೆ ಹೇಳೋಕೆ ಬಾಯಿಗೆ ಬೀಗ ಬಿದ್ದಿತ್ತಾ?"

"ಹೇಳಿದ್ರೆ ಮಾತ್ರೆ ಬದಲಾಯಿಸ್ತಾರೆ. ಮತ್ತೆ ಫಿಟ್ಸ್ ಬಂದ್ರೆ ನೀನು ಕತ್ತಿ ಮುಟ್ಟೋಕೆ ಬಿಡಲ್ಲ. ನೀನೇ ಹೇಳಿದ್ದಲ್ವಾ, ಇನ್ನೊಂದು ಸಲ ಬಿದ್ರೆ ಎರಡನೇ ಕುರ್ಚಿ ಬೇರೆಯವರಿಗೆ ಅಂತ."

ಹೇಳಿದ್ದು ನಿಜ. ಅದೂ ಗಿರಾಕಿಗಳ ಎದುರಿಗೇ. ಮೂರು ಹೊತ್ತೂ ವಟಗುಟ್ಟುತ್ತಿದ್ದ ತಮ್ಮ ಈ ಮಾತ್ರೆ ಶುರುವಾದ ಮೇಲೆ ಬಾಯಿ ಮುಚ್ಚಿಕೊಂಡಾಗ, ಅಂತೂ ಬುದ್ಧಿ ಬಂತು ಎಂದು ಬೀಗಿದವನೂ ಇವನೇ. ಈಗ ಬೈಯಲು ಅಣ್ಣನಿಗೆ ಯಾರೂ ಸಿಗಲಿಲ್ಲ.

"ಅರ್ಧ ಗಡ್ಡ ಹೊತ್ಕೊಂಡು ಶಾಲೆಗೆ ಹೋಗ್ಲೇನಯ್ಯ?" ಒಳಗಿನಿಂದ ಮೇಷ್ಟ್ರು ಕೂಗಿದರು.

ಉಳಿದರ್ಧವನ್ನು ಅಣ್ಣನೇ ಹೆರೆದು, ಪಕ್ಕದ ಕುರ್ಚಿಯ ತಲೆಯನ್ನೂ ಮುಗಿಸಿದ. ಕಾದಿದ್ದವರನ್ನೆಲ್ಲ ನಾಳೆ ಬನ್ನಿ ಎಂದು ಎಬ್ಬಿಸಿ ಕಳಿಸಿ, ಅಂಗಡಿಯ ಬಾಗಿಲೆಳೆದ. ಆಸ್ಪತ್ರೆ ಮುಟ್ಟುವವರೆಗೂ ಒಂದೇ ಪಾಠ: "ಇದ್ದದ್ದು ಇದ್ದ ಹಾಗೆ ಹೇಳು. ಕುರ್ಚಿ ಎಲ್ಲಿಗೂ ಓಡಿ ಹೋಗಲ್ಲ." ತಮ್ಮ ಹೂಂಗುಟ್ಟಿದ.

"ಫಿಟ್ಸ್ ಇಲ್ಲ ತಾನೆ? ಮನಸ್ಸು ಹೇಗಿದೆ?" ಡಾಕ್ಟರು ಕೇಳಿದರು.

ತಮ್ಮ ಮೊದಲು ಅಣ್ಣನ ಮುಖ ನೋಡಿದ. "ಚೆನ್ನಾಗಿದೆ ಸಾರ್," ಅಂದ.

ಅದೇ ಮಾತ್ರೆ ಬರೆಯಲು ಡಾಕ್ಟರು ಪೆನ್ನು ತೆಗೆದರು. ಅಣ್ಣ ಚೀಟಿಯ ಮೇಲೆ ಅಂಗೈ ಊರಿಬಿಟ್ಟ.

"ಬರೀಬೇಡಿ ಸಾರ್. ಸುಳ್ಳು ಹೇಳ್ತಿದ್ದಾನೆ. ಅವನು ಹೆದರಿರೋದು ಫಿಟ್ಸಿಗಲ್ಲ, ನನಗೆ."