ಬಾಯಿಪಾಠ

ಪೌರತ್ವ ಕೋರಿ ಎದುರಿಗೆ ಕುಳಿತಿದ್ದ ಆ ವಿದೇಶಿ ಹೆಂಗಸಿನ ಮೇಲೆ ಚನ್ನವೀರಯ್ಯನವರಿಗೆ ಮೊದಲಿನಿಂದಲೂ ಅನುಮಾನ. ಇಲ್ಲಿಯವನನ್ನೇ ಮದುವೆಯಾಗಿ, ಇಲ್ಲಿನ ಶಾಲೆಯಲ್ಲಿ ಟೀಚರ್ ಆಗಿದ್ದರೇನಂತೆ? ಕಾಗದ ಕೈಗೆ ಬಂದ ಮರುದಿನವೇ ನಾಪತ್ತೆಯಾದವರನ್ನೂ ಅವರು ಕಂಡಿದ್ದರು.

“ರಾಷ್ಟ್ರೀಯ ಹಣ್ಣು?”

“ಮಾವು ಸರ್.”

“ಜಲಚರ?”

“ಗಂಗಾ ಡಾಲ್ಫಿನ್.”

ಅದು ಚನ್ನವೀರಯ್ಯನವರಿಗೇ ಗೊತ್ತಿರಲಿಲ್ಲ. ಕೈಲಿದ್ದ ಉತ್ತರದ ಹಾಳೆ ನೋಡಿದರು, ಸರಿಯಾಗಿತ್ತು. ಅನುಮಾನ ಇನ್ನಷ್ಟು ಬಲವಾಯಿತು.

“ಎಲ್ಲಾ ಬಾಯಿಪಾಠ ಮಾಡ್ಕೊಂಡು ಬಂದಿದ್ದೀರಿ. ನಮ್ಮೋರು ಯಾರೂ ಹೀಗೆ ಪಟಪಟ ಅಂತ ಹೇಳಲ್ಲಮ್ಮ.”

ಅವಳ ಮುಖ ಬಾಡಿತು. “ಇನ್ನೇನು ಓದ್ಲಿ ಸರ್? ವೀಸಾ ಮುಗೀತಾ ಬಂತು.”

“ಓದೋದೇನೂ ಬೇಡ. ಮುಂದಿನ ತಿಂಗಳು ಇನ್ನೊಂದ್ಸಲ ಬನ್ನಿ, ನೋಡೋಣ.”

ತಾರೀಕು ಗೊತ್ತುಮಾಡಲು ಅವರು ಎದ್ದು ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ತಿರುವಿದರು. ಅವಳೂ ಕತ್ತು ಚಾಚಿ ನೋಡಿದಳು.

“ಅಯ್ಯೋ, ಹದಿನೈದು ಈ ಸಲ ಭಾನುವಾರಾನೇ ಬಂತಾ?” ಎಂದಳು ತನ್ನಷ್ಟಕ್ಕೆ. “ಒಂದು ರಜ ಹೋಯ್ತಲ್ಲ.”

ಚನ್ನವೀರಯ್ಯನವರು ಕ್ಯಾಲೆಂಡರ್ ಬಿಟ್ಟು ಬಂದು, ಅರ್ಜಿಯ ಮೇಲೆ ‘ಮಂಜೂರು’ ಸೀಲು ಒತ್ತಿದರು.