ಸೆರಗು ಕಲಿಸಿದವರು

"ಒಂದು ನಿಮಿಷ ಮೌನ," ಎಂದು ಕಾರ್ಯದರ್ಶಿ ಹೇಳಿದೊಡನೆ, ೧೯೫೮ರ ಆ ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಎದ್ದು ನಿಂತರು. ಪರವೂರಿನ ಬಂದರು ದ್ವೀಪವಾದ ವಿಲ್ಲಿಂಗ್ಡನ್ ಐಲ್ಯಾಂಡಿನ ಕನ್ನಡ ಸಂಘದ ಅಧ್ಯಕ್ಷ ತಿರುಮಲೇಶ್ವರರು ಮಾತ್ರ ಮುಖ ಗಂಟಿಕ್ಕಿಕೊಂಡೇ ಎದ್ದರು. ಮೇಜಿನ ಮೇಲೆ, ಹೋದ ವಾರ ತೀರಿಕೊಂಡ ನಾಟಕ ಕಂಪನಿಯ ನಟ ನಾಗೇಶಯ್ಯನವರ ಫೋಟೋ ಇತ್ತು. ಜೀವಮಾನವಿಡೀ ಸ್ತ್ರೀಪಾತ್ರ ಮಾಡಿದವರು; ಊರಿನಿಂದ ತರಿಸಿದ ಆ ಒಂದೇ ಫೋಟೋದಲ್ಲೂ ಸೀರೆ, ಮೂಗುತಿ. "ಸೀರೆ ಉಟ್ಟ ಗಂಡಸಿಗೆ ನಾನು ಹಾರ ಹಾಕುವವನಲ್ಲ," ಎಂದು ಅಧ್ಯಕ್ಷರು ಹೇಳಿಬಿಟ್ಟಿದ್ದರಿಂದ ಮಲ್ಲಿಗೆ ಹಾರ ಬಾಳೆ ಎಲೆಯಲ್ಲೇ ಉಳಿದಿತ್ತು.

ಎದ್ದ ಹೆಂಗಸರು ಸೆರಗು ಸರಿಮಾಡಿಕೊಂಡರು. ಮುಂದಿನ ಸಾಲಿನ ರಾಜೀವಿ ಸೆರಗಿನ ಅಂಚನ್ನು ಎರಡೇ ಬೆರಳಲ್ಲಿ ಹಿಡಿದು, ಬಲ ಹೆಗಲ ಮೇಲೆ ತಂದು, ಕತ್ತನ್ನು ತುಸು ಓರೆ ಮಾಡಿದಳು. ಪಕ್ಕದ ದಾಕ್ಷಾಯಣಿಯೂ ಹಾಗೆಯೇ ಮಾಡಿದಳು. ಅವಳ ಪಕ್ಕದಲ್ಲಿ ತಿರುಮಲೇಶ್ವರರ ಹೆಂಡತಿ ಸೌದಾಮಿನಿಯೂ ಥೇಟ್ ಹಾಗೆಯೇ. ಫೋಟೋದಲ್ಲಿ ನಾಗೇಶಯ್ಯನವರೂ ಹಾಗೆಯೇ ನಿಂತಿದ್ದರು.

ತಿರುಮಲೇಶ್ವರರಿಗೆ ಮೌನ ತಡೆಯಲಾಗಲಿಲ್ಲ. ಮೇಜಿನ ಮೇಲಿಂದ ಹೆಂಡತಿಯ ಕಡೆ ಬಾಗಿ, "ನಲ್ವತ್ತಮೂರನೇ ಇಸವಿಯಲ್ಲಿ ನಾನು ಹೆಣ್ಣು ನೋಡ್ಲಿಕ್ಕೆ ಬಂದಾಗ ನೀನು ಹೀಗೇ ಸೆರಗು ಎಳ್ಕೊಂಡದ್ದಲ್ವಾ? ಅದನ್ನು ನೋಡಿಯೇ ನಾನು ಒಪ್ಪಿದ್ದು!" ಎಂದರು.

"ಮತ್ತೆಂತ? ಅದರ ಹಿಂದಿನ ವಾರವೇ ಇವರ ನಾಟಕ ನೋಡಿ ಕಲ್ತದ್ದು," ಎಂದಳು ಸೌದಾಮಿನಿ, ಫೋಟೋದಿಂದ ಕಣ್ಣು ತೆಗೆಯದೆ.

ಅಧ್ಯಕ್ಷರು ಮೊದಲು ನಕ್ಕರು, ಆಮೇಲೆ ಇಡೀ ಸಭೆ ನಕ್ಕಿತು. ಅವರು ಕಣ್ಣೊರೆಸಿಕೊಳ್ಳುತ್ತಾ ಹಾರವನ್ನು ಎತ್ತಿ, ಎರಡೂ ಕೈಯಿಂದ ಫೋಟೋಕ್ಕೆ ಹಾಕಿದರು.

"ಹದಿನೈದು ವರ್ಷ ತಡವಾಯ್ತು, ಮಾರಾಯ್ರೆ. ಇದು ನಮ್ಮ ಮದುವೆಯ ದಿನವೇ ಇವರಿಗೆ ಹಾಕ್ಬೇಕಿದ್ದ ಹಾರ."