ಆಗಾಗ

“ಈ ಫಿಟ್ಸ್ ಯಾವಾಗ್ಯಾವಾಗ ಬರ್ತೈತಿ?” ಸಿಂದಗಿಯ ಆ ಹಾಸ್ಟೆಲಿನ ವಾರ್ಡನ್ ಸುಮಿತ್ರಾಬಾಯಿ ಕನ್ನಡಕ ತೆಗೆದಿಟ್ಟು ಕೇಳಿದರು.

“ಅಪರೂಪಕ್ಕೊಮ್ಮಿ ರೀ ಬಾಯಾರ,” ಶೆಟ್ಟೆವ್ವ ಮಗಳು ಪ್ರಜ್ಞಾಳಿಗಿಂತ ಮೊದಲೇ ಅಂದಳು. “ಬಂದ್ರೂ ಗೊತ್ತಾಗೂದಿಲ್ಲ, ಹಂಗ ಹೋಗಿಬಿಡ್ತೈತಿ.”

ದೇವಣಗಾಂವದಿಂದ ಬರುವಾಗ ಬಸ್ಸಿನಲ್ಲಿ ಅವಳು ಮಗಳಿಗೂ ಇದನ್ನೇ ಹೇಳಿಕೊಟ್ಟಿದ್ದಳು. ಹೋದ ವಾರ ಬೇರೊಂದು ಊರಿನ ಹಾಸ್ಟೆಲಿನಲ್ಲಿ ಪ್ರಜ್ಞಾ ‘ಆಗಾಗ ಬರ್ತೈತಿ’ ಅಂದದ್ದೇ ತಡ, ಖಾಲಿಯಿದ್ದ ಕೋಣೆ ಭರ್ತಿಯಾಗಿಬಿಟ್ಟಿತ್ತು. ಹತ್ತನೆಯ ಪರೀಕ್ಷೆಯಲ್ಲಿ ಊರಿಗೇ ಮೊದಲು ಬಂದ ಹುಡುಗಿ. ದಿನಾ ಬಸ್ಸಿಗೆ ಒಬ್ಬಳನ್ನೇ ಕಳಿಸಲು ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ. ಇಲ್ಲಿಯೂ ಜಾಗ ಸಿಗದಿದ್ದರೆ ಕಾಲೇಜಿನ ಮಾತು ಮುಗಿದಂತೆ. “ಅಪರೂಪಕ್ಕ ಅಂದ್ರ ಸುಳ್ಳೇನಲ್ಲವ್ವಾ. ದಿನಾ ಏನ್ ಬರೂದಿಲ್ಲಲ್ಲ,” ಅಂದಿದ್ದಳು ಶೆಟ್ಟೆವ್ವ. ಪ್ರಜ್ಞಾ ಹೂಂಗುಟ್ಟಿದ್ದಳು.

ಸುಮಿತ್ರಾಬಾಯಿ ಹುಡುಗಿಯ ಕಡೆ ತಿರುಗಿದರು. “ಹೌದೇನು? ಅಪರೂಪಕ್ಕೇನು?”

ಕಿಟಕಿಯಾಚೆ ಹುಡುಗಿಯರು ಒಗೆದ ಬಟ್ಟೆ ಹೊತ್ತು ಮಾಳಿಗೆಯ ಮೆಟ್ಟಿಲು ಹತ್ತುತ್ತಿದ್ದರು. ನಾಳೆ ಪ್ರಜ್ಞಾಳೂ ಹತ್ತಬೇಕಾದ ಮೆಟ್ಟಿಲು. ಅಪರೂಪಕ್ಕೆ ಬರುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಬಂದ ದಿನ ಹೆದರಿ ದೂರ ನಿಲ್ಲುತ್ತಾರೆ. ಶಾಲೆಯಲ್ಲಿ ಒಮ್ಮೆ ಎಚ್ಚರವಾದಾಗ ಪ್ರಜ್ಞಾಳಿಗೆ ಕಂಡದ್ದು ಸುತ್ತ ನಿಂತ ಕಾಲುಗಳು ಮಾತ್ರ.

“ಇಲ್ರಿ ಮೇಡಂ. ಆಗಾಗ ಬರ್ತೈತಿ. ಗುಳಿಗಿ ತಪ್ಪಿದ್ರ, ನಿದ್ದಿ ಕೆಟ್ರ ಇನ್ನೂ ಜಾಸ್ತಿ.”

ಶೆಟ್ಟೆವ್ವ ಮಗಳ ರಟ್ಟೆ ಹಿಡಿದಳು. “ಅಕಿಗಿ ಹೇಳಾಕ ಬರೂದಿಲ್ರಿ ಬಾಯಾರ. ಆಗಾಗ ಅಂದ್ರ... ಒಮ್ಮೊಮ್ಮಿ ಅಂತ ಅನ್ನಾಕತ್ತಾಳ.”

“ಒಮ್ಮೊಮ್ಮಿ ಅಲ್ಲ ಯವ್ವಾ. ಆಗಾಗ.”

ಸುಮಿತ್ರಾಬಾಯಿ ಎದ್ದು ಬಾಗಿಲಿಗೆ ಹೋದರು. ಶೆಟ್ಟೆವ್ವ ಮಗಳ ಮುಖ ನೋಡಲಿಲ್ಲ. ಬಗ್ಗಿ ಬಟ್ಟೆಯ ಚೀಲ ಎತ್ತಿಕೊಂಡಳು.

“ಚೀಲ ಯಾಕ ಎತ್ತಿದ್ರಿ? ಇಡ್ರಿ ಕೆಳಗ,” ಸುಮಿತ್ರಾಬಾಯಿ ಅಂದರು. “ಅಪರೂಪಕ್ಕ ಅಂದಿದ್ರ ಮ್ಯಾಲಿನ ಖೋಲಿ ಕೊಡ್ತಿದ್ನಿ. ಆಗಾಗ ಅಂದ್ರ ಕೆಳಗ ನನ್ನ ಬಾಜೂನ ಇರಬೇಕು, ಜೋಡಿಗಿ ಗಟ್ಟಿ ಹುಡುಗಿ ಬೇಕು. ಏ ಭಾಗ್ಯಜ್ಯೋತಿ, ಬಾ ಇಲ್ಲಿ!”

ಓಡಿ ಬಂದ ಭಾಗ್ಯಜ್ಯೋತಿಗೆ ವಿಷಯ ಹೇಳಿದರು. ಅವಳು ಪ್ರಜ್ಞಾಳನ್ನು ಒಂದು ಗಳಿಗೆ ಮೇಲಿಂದ ಕೆಳಗೆ ನೋಡಿ, “ಹೌದು, ಬಂದಾಗ ನಾ ಏನ್ ಮಾಡ್ಬೇಕು?” ಅಂದಳು.

ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಬಾಯಲ್ಲಿ ಹೇಳಿದರೆ ಸಾಲದೆಂದು ತೋರಿತೇನೋ, ಪ್ರಜ್ಞಾ ಅಲ್ಲೇ ನೆಲದ ಫರಸಿಯ ಮೇಲೆ ಮಗ್ಗುಲಾಗಿ ಮಲಗಿದಳು. “ಹಿಂಗ ಹೊಳ್ಳಸು. ತೆಲಿ ಕೆಳಗ ಮೆತ್ತಗ ಏನರೆ ಇಡು. ಬಾಯಾಗ ಏನೂ ತುರುಕಬ್ಯಾಡ.”

“ಕೈಯಾಗ ಕೀಲಿ ಹಿಡಸಿದ್ರ ನಿಲ್ತೈತಿ ಅಂತಾರಲ್ಲ?”

“ಕೀಲಿ ಕಳೀತೈತಿ, ಅಷ್ಟ.”

ಭಾಗ್ಯಜ್ಯೋತಿ ಕಿಸಕ್ಕನೆ ನಕ್ಕು, ತನ್ನ ವೇಲು ಮಡಚಿ ಅವಳ ತಲೆಯ ಕೆಳಗಿಟ್ಟು, ಸರಿಯಾಗಿದೆಯೇ ಎಂದು ಬಗ್ಗಿ ನೋಡಿದಳು. ಶೆಟ್ಟೆವ್ವ ಚೀಲ ಹಿಡಿದುಕೊಂಡೇ ನಿಂತಿದ್ದಳು. ಮಗಳು ನೆಲದ ಮೇಲೆ ಬಿದ್ದುಕೊಂಡದ್ದನ್ನು ಅವಳು ಬಹಳ ಸಲ ನೋಡಿದ್ದಳು. ಹಾಗೆ ಬಿದ್ದುಕೊಂಡು, ಕಣ್ಣು ಬಿಟ್ಟು, ಹೊಟ್ಟೆ ಹಿಡಿದು ನಗುವುದನ್ನು ನೋಡಿದ್ದು ಇದೇ ಮೊದಲು.